ಕತ್ತಾಳೆ ಹೂವಿನ ಎರಡು ಹಕ್ಕಿಗಳು

ಕಿಂಟಿಪಾತಾ
ಆಗಸ್ಟ್ 28

ಪ್ರೀತಿಯ ಮಗಳು ನಿಲ್ದಾಗೆ,

ಹೇಗಿದ್ದೀಯಮ್ಮ? ಸಮುದ್ರದ ಗಾಳಿಗೆ ನಿನ್ನ ಕೆಮ್ಮು ಕಡಿಮೆಯಾಯಿತೇ? ಮೀನು ತಿಂದು ತಿಂದು ನಮ್ಮ ಆಲೂಗಡ್ಡೆಯ ರುಚಿ ಮರೆತಿಲ್ಲ ತಾನೇ? ನಿನ್ನ ಅಮ್ಮನ ಮಂಡಿನೋವು ಬಿಸಿಲಿದ್ದರೆ ಮಲಗುತ್ತದೆ, ಮೋಡ ಬಂದರೆ ಏಳುತ್ತದೆ. ಈ ಅಪ್ಪನಿಗೇನೂ ಆಗಿಲ್ಲ. ಕೋಪ ಮಾತ್ರ ಹಾಗೇ ಇದೆ ಎನ್ನುತ್ತಾಳೆ ಅವಳು. ಕರಿ ಲಾಮಾ ಮರಿ ಹಾಕಿದೆ, ಹೆಣ್ಣು.

ಈಗ ಹಕ್ಕಿಗಳ ಸುದ್ದಿ. ಹಕ್ಕಿಗಳ ಅಧ್ಯಯನಕ್ಕೆಂದು ಲಿಮಾದಿಂದ ಮಿಲಾಗ್ರೋಸ್ ಎಂಬ ಹುಡುಗಿ ಬಂದು ಎರಡು ತಿಂಗಳಿಂದ ನಮ್ಮಲ್ಲೇ ಇದ್ದಾಳೆ. ಬೇಲಿಯ ಕತ್ತಾಳೆ ಹೂವಿಗೆ ಬರುತ್ತವಲ್ಲ ದೊಡ್ಡ ಝೇಂಕಾರದ ಹಕ್ಕಿಗಳು, ಅವನ್ನು ಬಲೆ ಹಾಕಿ ಹಿಡಿದು, ತೂಗಿ, ಒಂದು ಹನಿ ರಕ್ತ ತೆಗೆದು ಬಿಟ್ಟುಬಿಡುತ್ತಾಳೆ. ಮೊನ್ನೆ ಎರಡು ಕೈಯಲ್ಲಿ ಎರಡು ಹಕ್ಕಿ ಹಿಡಿದು, "ಯಜಮಾನ್ರೇ, ಇವೆರಡೂ ಒಂದೇನಾ?" ಎಂದಳು. ಅದೇ ಮಣ್ಣುಬಣ್ಣ, ಅದೇ ಉದ್ದ ಕೊಕ್ಕು. "ಇನ್ನೇನಮ್ಮ! ಅರವತ್ತು ವರ್ಷದಿಂದ ನೋಡ್ತಿದ್ದೀನಿ, ನನಗೇ ಪಾಠ ಹೇಳ್ತೀಯಾ?" ಎಂದೆ. ನಕ್ಕಳು. ಬೇರೆ ಬೇರೆ ಜಾತಿಯಂತೆ ಕಣೇ! ಒಂದು ಇಲ್ಲೇ ಹುಟ್ಟಿ ಇಲ್ಲೇ ಸಾಯುವುದು. ನಮ್ಮ ಎತ್ತರದ ಬೆಟ್ಟದ ಈ ತೆಳು ಗಾಳಿಗೆ ತಕ್ಕ ಮೈಯನ್ನು ಹುಟ್ಟಿನಿಂದಲೇ ಪಡೆದು ಬಂದದ್ದು. ಇನ್ನೊಂದು ದಕ್ಷಿಣದ ಕಡಲ ದಂಡೆಯಿಂದ ವರ್ಷವರ್ಷವೂ ಏರಿ ಬರುವುದು. ಅದೂ ಒಂದೇ ಉಸಿರಿಗಲ್ಲ. ಒಂದಿಷ್ಟು ಏರಿ, ಅಲ್ಲೇ ಕೆಲವು ದಿನ ತಂಗಿ, ಮೈ ಆ ಗಾಳಿಗೆ ಹೊಂದಿಕೊಂಡ ಮೇಲೆ ಇನ್ನೊಂದಿಷ್ಟು. ಇಲ್ಲಿಗೆ ಮುಟ್ಟಿದ ಮೇಲೆ ನಮ್ಮ ಹಕ್ಕಿಗಿಂತ ಅದೇನೂ ಕಡಿಮೆಯಿಲ್ಲ. ಒಂದೇ ಹೂಗೊಂಚಲಿಗೆ ಎರಡೂ ಜಗಳಾಡುತ್ತವೆ.

"ಭಲೇ ಜಾಣ ಹಕ್ಕಿ!" ಎಂದುಬಿಟ್ಟೆ. ಆಲೂಗಡ್ಡೆ ಸುಲಿಯುತ್ತಿದ್ದ ನಿನ್ನ ಅಮ್ಮ ಚಾಕು ಕೆಳಗಿಟ್ಟಳು. "ಹಕ್ಕಿ ತಂಗಿದ್ರೆ ಜಾಣತನ, ನನ್ನ ಅಳಿಯ ದಣಿವಾರಿಸ್ಕೊಂಡ್ರೆ ಕೈಲಾಗದವನಾ?" ಎಂದಳು. ಅದೂ ಆ ಹುಡುಗಿಯ ಮುಂದೆ!

ಆ ದಿನ ನಾನೂ ಮರೆತಿಲ್ಲ ಮಗಳೇ. ಎಫ್ರಾಯಿನ್ ನಿನ್ನ ಕೈ ಹಿಡಿದು ಮೊದಲ ಸಲ ಕಡಲಿನಿಂದ ಒಂದೇ ದಿನದಲ್ಲಿ ಮೇಲೆ ಬಂದಿದ್ದ. ಬಸ್ಸಿಳಿದ ಗಳಿಗೆಗೇ ಅವನ ಕೈಗೆ ಹೊಲ ಅಗೆಯುವ ಗುದ್ದಲಿ ಕೊಟ್ಟೆ. ಹೊಸ ಅಳಿಯನ ಯೋಗ್ಯತೆಯನ್ನು ನಮ್ಮಲ್ಲಿ ನೋಡುವುದೇ ಹಾಗೆ. ಮೂರನೇ ಸಾಲಿಗೆ ವಾಂತಿ ಮಾಡಿಕೊಂಡು ಕುಸಿದ. "ಇಂಥ ಉಸಿರಿಲ್ಲದವನನ್ನ ಎಲ್ಲಿಂದ ಹಿಡ್ಕೊಂಡು ಬಂದ್ಯೇ?" ಎಂದು ಊರಿಗೆಲ್ಲ ಕೇಳುವಂತೆ ನಕ್ಕೆ. ನೀನು ಅವನ ಬಾಯಿ ಒರೆಸಿ, ಸಂಜೆಯ ಬಸ್ಸಿಗೇ ಕರೆದುಕೊಂಡು ಹೋದೆ. ಎರಡು ವರ್ಷವಾಯಿತು. ಹಕ್ಕಿಗೆ ಸಿಕ್ಕುವಷ್ಟು ಪುರುಸೊತ್ತನ್ನೂ ನಾನು ಅವನಿಗೆ ಕೊಡಲಿಲ್ಲ. ತಪ್ಪು ನನ್ನದು ಕಣೇ.

ಅಮ್ಮ ಒಣಗಿಸಿದ ಆಲೂಗಡ್ಡೆ ಕಟ್ಟಿಟ್ಟಿದ್ದಾಳೆ, ಜೊತೆಗೆ ನಿನಗೊಂದು ಮುತ್ತು. ಇಬ್ಬರೂ ನೂರು ಕಾಲ ತಣ್ಣಗೆ ಬಾಳಿ.

ನಿನ್ನ ಅಪ್ಪ,
ಹಿಲಾರಿಯೋ

ಅವಸರದಲ್ಲಿ ಇದೊಂದು ಬಿಟ್ಟುಹೋಯಿತು: ಹೊಸ ಹುಲ್ಲು ಹೊದಿಸಬೇಕೆಂದು ಮನೆಯ ಹಳೆಯ ಸೂರು ಕಿತ್ತುಹಾಕಿದ್ದೇನೆ. ಸೂರಿನ ನೆತ್ತಿಗೆ ಶಿಲುಬೆ ಕಟ್ಟುವುದು ಅಳಿಯನ ಕೆಲಸ, ನಿನಗೆ ಗೊತ್ತೇ ಇದೆ. ನಿನ್ನ ಚಿಕ್ಕಪ್ಪ ತನ್ನ ಅಳಿಯನನ್ನು ಕಳಿಸುತ್ತೇನೆಂದ, ಬೇಡ ಎಂದೆ. ನಮ್ಮ ಅಳಿಯಂದಿರಿಗೆ ಹೇಳು, ಏನೂ ಅವಸರವಿಲ್ಲ. ದಾರಿಯಲ್ಲಿ ಎರಡು ಕಡೆ ಇಳಿದು, ಎರಡೆರಡು ದಿನ ತಂಗಿ, ನಿಧಾನವಾಗಿ ಬರಲಿ. ಅಷ್ಟರಲ್ಲಿ ಮಳೆ ಬಂದರೆ ಬರಲಿ, ನಾನೂ ನಿನ್ನ ಅಮ್ಮನೂ ನೆನೆಯುತ್ತೇವೆ. ಬೇರೆಯವರನ್ನು ಮೇಲೆ ಹತ್ತಿಸುವುದಿಲ್ಲ.