ಹಸಿರು ಬಾಣ ಗೋಡೆಗೆ ಹೋಗಿ ನಿಂತಿದೆ

ವಿಶ್ವವಿದ್ಯಾಲಯದ ಡಿಜಿಟಲ್ ವಿನ್ಯಾಸ ಕೇಂದ್ರದ ನಿರ್ದೇಶಕರೇ,

ನನ್ನ ಕೈಗೆ ಪೆನ್ನು ಹಿಡಿಸಿದವರು ನೀವು, ಆದ್ದರಿಂದ ಮೊದಲ ಸಿಟ್ಟು ಅದಕ್ಕೇ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆಮೇಲೆ ನನ್ನ ಸಹಿಗಿಂತ ಉದ್ದದ್ದೇನನ್ನೂ ಬರೆದಿಲ್ಲ. ಆಲಮೇಲದಿಂದ ಬಸ್ಸು ಹತ್ತಿ ನಿಮ್ಮ ಬಾಗಿಲಿಗೆ ಮತ್ತೆ ಮತ್ತೆ ಬಂದೆ. ಒಮ್ಮೆ ನೀವು ಸಭೆಯಲ್ಲಿದ್ದಿರಿ, ಒಮ್ಮೆ ಊಟದಲ್ಲಿದ್ದಿರಿ, ಒಮ್ಮೆ ಒಳಗೇ ಇದ್ದು ಇರಲಿಲ್ಲ. ಹೊರಗೆ ಕುರ್ಚಿ ಹಾಕಿಕೊಂಡು ಕುಳಿತವರು ಪ್ರತಿ ಸಲ ಹೇಳಿದ್ದು ಒಂದೇ ಮಾತು. "ಯಜಮಾನ್ರ, ಬಾಯಿಲೆ ಹೇಳಿದ್ದು ಇಲ್ಲಿ ನಡ್ಯೂದಿಲ್ಲರಿ. ಬರದು ಕೊಡ್ರಿ." ಬರೆದು ಕೊಟ್ಟೆ. ಶಿಕ್ಕಾ ಹೊಡೆದು ಇಟ್ಟುಕೊಂಡಿರಿ. ಅದಾದ ಮೇಲೆ ಸುದ್ದಿಯಿಲ್ಲ. ಹಾಗಾಗಿ ಈ ಸಲ ಎಲ್ಲರೂ ಓದುವಲ್ಲಿ ಬರೆಯುತ್ತಿದ್ದೇನೆ. ಬೆರಳು ಸೆಟೆದಿದೆ, ಕಣ್ಣು ಉರಿಯುತ್ತಿದೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಅಕ್ಷರ ತಿದ್ದುವ ನೆಪದಲ್ಲಿ ಮಾತು ಮರೆಸಬೇಡಿ.

ಮಾತು ಇಷ್ಟೇ. ನಿಮ್ಮ ಹೆಣ್ಣುಮಕ್ಕಳ ವಸತಿನಿಲಯದಲ್ಲಿ, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಎಂದು ತೋರಿಸುವ ನಕ್ಷೆ ಪ್ರತಿ ಮಹಡಿಯಲ್ಲೂ ತೂಗಿದೆ. ಅದರೊಳಗಿನ ಹಸಿರು ಬಾಣ ಹಿಂಬಾಗಿಲಿಗೆ ಹೋಗುತ್ತದೆ. ಆ ಬಾಗಿಲಿನ ಹಿಂದೆ ಇಟ್ಟಂಗಿಯ ಗೋಡೆ ಇದೆ. ಇದು ನಿಮಗೆ ಗೊತ್ತು. ಗೊತ್ತಾದ ಮೇಲೂ ನಕ್ಷೆ ಅಲ್ಲೇ ಇದೆ, ಗೋಡೆಯೂ ಅಲ್ಲೇ ಇದೆ, ಒಳಗೆ ಮಕ್ಕಳು ಮಲಗುತ್ತಿದ್ದಾರೆ.

ಓದುವ ನಾಲ್ಕು ಮಂದಿಗೆ ತಿಳಿಯಲೆಂದು ಮೊದಲಿನಿಂದ ಹೇಳುತ್ತೇನೆ. ನನ್ನ ಮಗನ ಮಗಳು ರಾಜಶ್ರೀ ನಿಮ್ಮಲ್ಲಿ ಓದುತ್ತಾಳೆ, ಅದೇ ವಸತಿನಿಲಯದಲ್ಲಿ ಇರುತ್ತಾಳೆ, ತರಗತಿ ಮುಗಿದ ಮೇಲೆ ನಿಮ್ಮ ಕೇಂದ್ರದಲ್ಲಿ ದುಡಿಯುತ್ತಾಳೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗ ಹುಡುಗಿಯರು ಅಲ್ಲಿ ಕಂಪ್ಯೂಟರ್ ಮುಂದೆ ಕುಳಿತು ವಿಶ್ವವಿದ್ಯಾಲಯದ ಬೇರೆ ಬೇರೆ ವಿಭಾಗಗಳಿಗೆ ಫಲಕ, ಜಾಲತಾಣ, ನಕ್ಷೆ ಮಾಡಿಕೊಡುತ್ತಾರೆ. ಕೆಲಸ ಕೊಟ್ಟ ವಿಭಾಗವನ್ನು ನೀವು ಕ್ಲೈಂಟ್ ಎನ್ನುತ್ತೀರಂತೆ. ಹಾಗೆಂದರೆ ಗಿರಾಕಿ ಎಂದು ಮೊಮ್ಮಗಳು ಬಿಡಿಸಿ ಹೇಳಿದಳು. ನಮ್ಮ ಸಂತೆಯಲ್ಲಿ ಗಿರಾಕಿ ಅನ್ನುವವನು ಕುರಿಯ ಬಾಯಿ ತೆರೆದು ಹಲ್ಲು ನೋಡುತ್ತಾನೆ, ಬೆನ್ನ ಮೇಲೆ ಕೈಯಾಡಿಸುತ್ತಾನೆ, ಇದೇನು ಕುರಿಯೋ ಬೆಕ್ಕೋ ಎಂದು ಬೈಯುತ್ತಾನೆ, ಆಮೇಲೆ ತಗೊಳ್ಳುತ್ತಾನೆ. ನಿಮ್ಮ ಗಿರಾಕಿ ಕುರ್ಚಿಯಿಂದ ಏಳುವುದಿಲ್ಲ. ವಸತಿನಿಲಯ ನೋಡಿಕೊಳ್ಳುವ ಕಚೇರಿಯವರು ಕಟ್ಟಡದ ಹಳೆಯ ನಕಾಶೆಯನ್ನು ಮೇಲ್ ಮಾಡಿದರು. ಮಕ್ಕಳು ಅದಕ್ಕೆ ಬಣ್ಣ ಹಾಕಿ ಚೆಂದ ಮಾಡಿದರು. ಕಚೇರಿಯವರು ಚೆಂದ ಆಗಿದೆ ಎಂದರು. ನಡುವೆ ಯಾರೂ ಜಾಗಕ್ಕೆ ಹೋಗಲಿಲ್ಲ, ಏಕೆಂದರೆ ಕೆಲಸ ಮಾಡುವ ಮಕ್ಕಳು ಜಾಗ ನೋಡಲು ಹೋದರೆ ಗಿರಾಕಿಗೆ ತೊಂದರೆಯಾಗುತ್ತದೆ ಎನ್ನುವುದು ನಿಮ್ಮ ನಿಯಮ. ಎಂಥ ನಾಜೂಕಿನ ಗಿರಾಕಿ.

ನಿಮ್ಮ ಕೇಂದ್ರದ ಗೋಡೆಗೆ ದೊಡ್ಡದೊಂದು ಪರದೆ ಇದೆ. ಅದಕ್ಕೆ ಪ್ರಗತಿ ಫಲಕ ಎಂದು ಹೆಸರು. ಮಕ್ಕಳು ಹಿಡಿದ ಒಂದೊಂದು ಕೆಲಸಕ್ಕೂ ಒಂದೊಂದು ಚುಕ್ಕೆ. ಬಾಕಿ ಇದ್ದರೆ ಕೆಂಪು, ನಡೆದಿದ್ದರೆ ಹಳದಿ, ಮುಗಿದರೆ ಹಸಿರು. ಶುಕ್ರವಾರ ಸಂಜೆ ಮೇಲಿನವರು ಬಂದು ಅದನ್ನು ನೋಡುತ್ತಾರೆ. ಹಸಿರಾದ ಮಗುವಿಗೆ ಚಪ್ಪಾಳೆ, ಆಗದ ಮಗು ಎಲ್ಲರೆದುರು ನಿಂತು ಕಾರಣ ಹೇಳಬೇಕು. ಓದಲು ಬಂದ ಮಕ್ಕಳನ್ನು ಮೂರು ಬಣ್ಣದಲ್ಲಿ ಮೇಯಿಸುವ ಈ ಉಪಾಯ ಯಾರಿಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ಬಾಗಿಲು ನಿಜವಾಗಿ ತೆರೆಯುತ್ತದೆಯೇ ಎಂದು ಕೇಳುವ ಚುಕ್ಕೆ ಮಾತ್ರ ಆ ಪರದೆಯಲ್ಲಿ ಇಲ್ಲ.

ದಸರೆ ಕಳೆದ ಮೇಲೆ ಸಜ್ಜಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಮೊಮ್ಮಗಳನ್ನು ನೋಡಲು ಬಂದೆ. ಗಂಡಸರನ್ನು ಒಳಗೆ ಬಿಡುವುದಿಲ್ಲ, ಸರಿ. ಬಿಸಿಲು ಚುರುಗುಟ್ಟುತ್ತಿತ್ತು. ಕಟ್ಟಡದ ಹಿಂದೆ ಬೇವಿನ ಗಿಡದ ನೆರಳು ಕಂಡು ಹೋಗಿ ಗೋಡೆಗೆ ಬೆನ್ನು ಹಚ್ಚಿ ಕುಳಿತೆ. ಆ ಕಡೆ ಮುಳ್ಳುಕಂಟಿ ಬೆಳೆದಿದೆ, ಹುಡುಗಿಯರಿಗೆ ಅಲ್ಲಿಗೆ ಹೋಗಲು ಅಪ್ಪಣೆಯಿಲ್ಲ. ನನ್ನನ್ನು ಹುಡುಕಿಕೊಂಡು ರಾಜಶ್ರೀ ಮೊದಲ ಸಲ ಅಲ್ಲಿಗೆ ಬಂದಳು. ಬಂದವಳೇ ಮೊಬೈಲು ನನ್ನ ಮುಖಕ್ಕೆ ಹಿಡಿದಳು.

"ಮುತ್ಯಾ, ನೋಡಿಲ್ಲಿ. ಇದು ಪೂರಾ ನಾ ಮಾಡಿದ್ದು. ಕೆಳಗ ನನ್ನ ಹೆಸರೂ ಹಾಕ್ಯಾರ."

"ಈ ಬಾಣ ಎಲ್ಲಿಗಿ ಹೊಂಟೈತಿ?"

"ಹಿಂದಿನ ಬಾಗಲಕ್ಕ. ಬೆಂಕಿ ಗಿಂಕಿ ಬಿದ್ರ ಎಲ್ಲಾರೂ ಅಲ್ಲಿಂದ ಹೊರಗ ಬಂದು ಬೇವಿನ ಗಿಡದ ಬುಡಕ ನಿಲ್ಲಬೇಕು."

"ಯಾವ ಬೇವಿನ ಗಿಡ?"

"ಇದ, ಮುತ್ಯಾ. ನೀ ಕುಂತಿಯಲ್ಲ, ಇದ."

ನಾನು ಹಿಂದಕ್ಕೆ ಕೈ ಹಾಕಿ ಬಡಿದೆ. "ಹಂಗಾರ ಬಾಗಲಾ ಎಲ್ಲೈತಿ ಯವ್ವಾ? ನಾ ಬೆನ್ನ ಹಚ್ಚಿದ್ದು ಗ್ವಾಡಿಗಿ."

"ನಿನಗ ಕಣ್ಣ ಕಾಣವಲ್ವು ಬಿಡು," ಎಂದು ನಕ್ಕಳು. ನಗುತ್ತಲೇ ಗೋಡೆಯ ಹತ್ತಿರ ಹೋದಳು. ಅಲ್ಲಿ ಬಾಗಿಲಿನಷ್ಟೇ ಅಗಲ, ಬಾಗಿಲಿನಷ್ಟೇ ಎತ್ತರ, ಮೇಲೆ ಮೆತ್ತಿದ ಗಿಲಾವಿನ ಬಣ್ಣ ಬೇರೆ ಇತ್ತು. ಅದರ ಮೇಲೆ ಕೈಯಿಟ್ಟು ಸುತ್ತಲಿನ ಅಂಚು ತಡವಿದಳು. ತಿರುಗಿದಾಗ ನಗು ಇರಲಿಲ್ಲ.

ಒಳಗಿನಿಂದ ನೋಡಿದರೆ ಅಲ್ಲಿ ಬಾಗಿಲಿದೆ. ಕಬ್ಬಿಣದ ಬಾಗಿಲು, ಅದಕ್ಕೊಂದು ಕೀಲಿ. ಕೀಲಿಕೈ ವಾರ್ಡನ್ ಬಾಯಿಯವರ ಹತ್ತಿರ ಇದೆ, ಅಪಾಯ ಬಂದಾಗ ತೆರೆಯುತ್ತಾರೆ ಎಂದು ಹುಡುಗಿಯರೆಲ್ಲ ನಂಬಿದ್ದರು. ಹೊರಗಿನಿಂದ ಅದನ್ನು ಮುಚ್ಚಿದ್ದೇಕೆ ಎಂದು ಕೇಳಿದಾಗ ಅಡುಗೆ ಮನೆಯವರು ಹೇಳಿದರು. ಹಿಂದೆ ಇದ್ದ ಹುಡುಗಿಯರು ಸಂಜೆ ಆ ಬಾಗಿಲಿನಿಂದ ಹೋಗಿ ಭಜಿ ತಿಂದು ಬರುತ್ತಿದ್ದರಂತೆ. ಅವರ ಸುರಕ್ಷತೆಗಾಗಿ ಮುಚ್ಚಿಸಿದರಂತೆ. ಸುರಕ್ಷತೆಗಾಗಿ ಬಾಗಿಲು ಮುಚ್ಚಿದವರು ನೀವೇ, ಸುರಕ್ಷತೆಗಾಗಿ ಅದೇ ಬಾಗಿಲಿಗೆ ಬಾಣ ಬರೆಸಿದವರೂ ನೀವೇ. ಎರಡೂ ಕೈ ಒಂದೇ ಮೈಯವು. ಒಂದಕ್ಕೊಂದು ಮಾತಾಡಲು ಏನಾಗಿತ್ತು?

ರಾಜಶ್ರೀ ಆವತ್ತೇ ಹೋಗಿ ಫಲಕದಲ್ಲಿ ತನ್ನ ಹಸಿರು ಚುಕ್ಕೆಯನ್ನು ಕೆಂಪು ಮಾಡಿದಳು. ಮಾಡಿದ ಕೆಲಸ ಮುಗಿದಿಲ್ಲ ಎಂದು ತಾನಾಗಿ ಒಪ್ಪಿಕೊಂಡಳು. ನಿಮ್ಮ ಸಂಯೋಜಕರು ಅವಳನ್ನು ಕರೆದು ಏನೆಂದರು ಗೊತ್ತೇ? "ಒಮ್ಮೆ ಹಸರ ಆದದ್ದನ್ನ ಮತ್ತ ಕೆಂಪ ಮಾಡೂದಂದ್ರೇನು? ಪ್ರಗತಿ ಹಿಂದಕ್ಕ ಹೋಗೂದಿಲ್ಲ, ತಂಗಿ. ಕ್ಲೈಂಟ್ ಒಪ್ಪ್ಯಾರ, ಮುಗೀತು." ಅವರೇ ಚುಕ್ಕೆಯನ್ನು ಹಸಿರು ಮಾಡಿದರು. ಇವಳು ಮತ್ತೆ ಕೆಂಪು ಮಾಡಿದಳು. ಆಮೇಲೆ ಆ ಚುಕ್ಕೆಗೆ ಅವಳ ಕೈ ಮುಟ್ಟದಂತೆ ಮಾಡಿದರು. ವಸತಿನಿಲಯದ ಕಚೇರಿಗೂ ಬರೆದಳು. ಅಲ್ಲಿಂದ ಬಂದ ಉತ್ತರದಲ್ಲಿ ಒಂದೇ ಸಾಲು: ನಕ್ಷೆ ಅನುಮೋದಿತ ನಕಾಶೆಯಂತೆಯೇ ಇದೆ, ಬದಲಾವಣೆಯ ಅಗತ್ಯವಿಲ್ಲ. ಇಟ್ಟಂಗಿಗಳಿಗೆ ಅನುಮೋದನೆ ಸಿಕ್ಕಿಲ್ಲ, ಹಾಗಾಗಿ ಅವು ಅಲ್ಲಿಲ್ಲ ಎಂದು ನಾವು ತಿಳಿಯಬೇಕು.

ದೀಪಾವಳಿ ಕಳೆದು ಚಳಿ ಬಿತ್ತು. ಒಂದು ಬೆಳಿಗ್ಗೆ, ಹುಡುಗಿಯರು ಸ್ನಾನಕ್ಕೆ ಸಾಲು ಹಚ್ಚುವ ಹೊತ್ತಿಗೆ, ಬಚ್ಚಲಿನ ಗೀಸರಿನ ವೈರು ಸುಟ್ಟಿತು. ದೀಪ ಹೋಯಿತು. ಓಣಿಯಂಥ ಆ ಉದ್ದನೆಯ ಹಾದಿಯಲ್ಲಿ ಹೊಗೆ ತುಂಬಿತು. ಗೋಡೆಯ ಮಾತು ರಾಜಶ್ರೀ ಮೊದಲೇ ಹೇಳಿದ್ದರೂ ಆ ಗಾಬರಿಯಲ್ಲಿ ಯಾರಿಗೂ ನೆನಪಾಗಲಿಲ್ಲ, ಹುಡುಗಿಯರು ಮೊಬೈಲಿನ ಬೆಳಕು ಹಿಡಿದು ಬಾಣ ನೋಡುತ್ತ ಓಡಿದರು. ಕೀಲಿಕೈ ಇರಲಿಲ್ಲ. ಬಕೆಟ್ಟಿನಿಂದ ಬಡಿದು ಕೀಲಿ ಮುರಿದರು. ಬಾಗಿಲು ತೆರೆಯಿತು. ಎದುರಿಗೆ ಇಟ್ಟಂಗಿ.

ಮುಂದಿನವರಿಗೆ ಕಂಡಿತು, ಹಿಂದಿನವರಿಗೆ ಕಾಣಲಿಲ್ಲ. ಬಾಗಿಲು ತೆರೆದ ಸದ್ದು ಕೇಳಿ ಹಿಂದಿನವರು ಇನ್ನೂ ಜೋರಾಗಿ ನೂಕಿದರು. ಎಲ್ಲರಿಗಿಂತ ಮುಂದೆ ಇದ್ದವಳು ರಾಜಶ್ರೀಯ ಕೋಣೆಯ ಗೆಳತಿ, ಸಿಂದಗಿಯ ಅಫ್ರೀನ. ಅವಳ ಕೈ ಬಾಗಿಲ ಚೌಕಟ್ಟು ಮತ್ತು ಗೋಡೆಯ ನಡುವೆ ಸಿಕ್ಕಿ ಬೆರಳುಗಳು ಮುರಿದವು. ಅಷ್ಟರಲ್ಲಿ ಅಡುಗೆಯವರು ಮೇನ್ ಆಫ್ ಮಾಡಿದರು, ಹೊಗೆ ಇಳಿಯಿತು, ಬೆಂಕಿ ಹತ್ತಲಿಲ್ಲ. ಹತ್ತಿದ್ದರೆ ನಾನು ಈಗ ಪತ್ರ ಬರೆಯುತ್ತಿರಲಿಲ್ಲ. ಏನು ಮಾಡುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದೂ ಬೇಡ.

ಮರುದಿನ ಹೋದೆ. ಅಫ್ರೀನ ಕೈಗೆ ಪಟ್ಟಿ ಕಟ್ಟಿಕೊಂಡು ಗೇಟಿನ ಹತ್ತಿರ ಕುಳಿತಿದ್ದಳು. ನನ್ನನ್ನು ನೋಡಿ, "ಅಜ್ಜಾರ, ನಿಮ್ಮ ಮೊಮ್ಮಗಳು ಬಾಣ ಬಿಟ್ರ ಗುರಿ ತಪ್ಪೂದಿಲ್ರಿ. ನೆಟ್ಟಗ ಗ್ವಾಡಿಗೇ ಬಡೀತು," ಎಂದಳು. ನೋವಿನಲ್ಲೂ ಚಾಷ್ಟಿ. ರಾಜಶ್ರೀ ನಗಲಿಲ್ಲ. "ಆ ಕಡೆ ಹೋಗಬ್ಯಾಡ್ರೇ, ಗ್ವಾಡಿ ಐತಿ ಅಂತ ಗಂಟಲ ಹರಕೊಂಡು ಒದರಿದ್ನಿ ಮುತ್ಯಾ. ಒಬ್ಬಾಕಿನೂ ಕೇಳಲಿಲ್ಲ. ಎಲ್ಲಾರೂ ನನ್ನ ಬಾಣ ನೋಡಾಕತ್ತಿದ್ರು," ಎಂದಳು. ಆಮೇಲೆ, "ಮುಂದ ಏನರ ಆದ್ರ ಅದರ ಕೆಳಗ ನನ್ನ ಹೆಸರ ಐತಿ," ಎಂದಳು.

ಆ ಮಾತು ಕೇಳಿದಾಗಿನಿಂದ ನನಗೆ ನನ್ನ ಅಣ್ಣ ಗುರಣ್ಣನ ದೊಡ್ಡಿ ಕಣ್ಣಿಗೆ ಕಟ್ಟಿದೆ. ನಾವು ಕುರಿಯವರು. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸುತ್ತೇವೆ, ಸುತ್ತ ಬಲೆ ಕಟ್ಟಿ ಓಡಾಡಲು ಒಂದೇ ಕಡೆ ಬಾಯಿ ಬಿಡುತ್ತೇವೆ. ಒಂದು ವರ್ಷ ಭೀಮೆಯ ದಂಡೆಯಲ್ಲಿ ತೋಳದ ಕಾಟ ಹೆಚ್ಚಾಗಿ, ಅಣ್ಣ ಹೊಳೆಯ ಕಡೆಗಿದ್ದ ಬಾಯಿಗೆ ಜಾಲಿಮುಳ್ಳು ಜಡಿದು, ರಸ್ತೆಯ ಕಡೆಗೆ ಹೊಸ ಬಾಯಿ ಮಾಡಿದ. ಕುರಿಗಳ ಒಳ್ಳೆಯದಕ್ಕೇ ಮಾಡಿದ. ಮರುದಿನ ಬೆಳಿಗ್ಗೆ ಹಿಂಡು ಮೇಯಲು ಹೊರಡುವ ಮೊದಲೇ ಪಕ್ಕದ ಹೊಲದವರು ಕಬ್ಬಿನ ರವದಿಗೆ, ಒಣಗಿದ ಸೋಗೆಗೆ, ಬೆಂಕಿ ಹಚ್ಚಿದರು, ಗಾಳಿ ತಿರುಗಿತು. ಹೊಸ ಬಾಯಿ ಬಿಚ್ಚಿಯೇ ಇತ್ತು. ಒಂದು ಕುರಿಯೂ ಆ ಕಡೆ ಹೋಗಲಿಲ್ಲ. ಎಲ್ಲವೂ ತಮಗೆ ಕಲಿಸಿದ ಹಳೆಯ ಬಾಯಿಗೇ ನುಗ್ಗಿದವು. ಬೆಂಕಿ ಒಂದನ್ನೂ ಮುಟ್ಟಲಿಲ್ಲ ಸಾಹೇಬರೇ. ಮುಳ್ಳಿಗೆ ಒತ್ತಿ, ಒಂದರ ಮೇಲೊಂದು ಬಿದ್ದು, ಉಸಿರುಗಟ್ಟಿ ಸತ್ತವು. ಅವನ್ನು ಎಳೆದು ಬೇರೆ ಮಾಡಿದವರಲ್ಲಿ ನಾನೂ ಒಬ್ಬ. ಆಮೇಲೆ ಅಣ್ಣ ಸಾಯುವತನಕ, ದೊಡ್ಡಿಯ ಬಾಯಿ ಬದಲಿಸಿದ ದಿನ ಸಂಜೆ, ಟಗರಿನ ಕೊರಳು ಹಿಡಿದು ಹಿಂಡನ್ನೆಲ್ಲ ಹೊಸ ಬಾಯಿಯಿಂದ ಒಳಗೆ ಹೊರಗೆ ಓಡಾಡಿಸದೆ ರೊಟ್ಟಿ ಮುರಿಯಲಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಅದು ನಡೆದಿದೆ.

ಮಕ್ಕಳನ್ನು ಕುರಿಗೆ ಹೋಲಿಸಿದ ಎಂದು ಸಿಟ್ಟಾಗಬೇಡಿ. ಹೊಗೆಯಲ್ಲಿ ನೀವೂ ಕುರಿಯೇ, ನಾನೂ ಕುರಿಯೇ. ಕಲಿಸಿದ ಕಡೆಗೇ ಕಾಲು ಓಡುತ್ತದೆ. ನಿಮ್ಮ ನಕ್ಷೆ ಇಲ್ಲದಿದ್ದರೆ ಆ ಹುಡುಗಿಯರು ದಿನಾ ಓಡಾಡುವ ಮುಂಬಾಗಿಲಿಗೆ ಓಡಿ ಹೊರಗೆ ಬರುತ್ತಿದ್ದರು. ನೀವು ಬಾಣ ಬರೆಸಿ ಗೋಡೆಗೆ ಓಡುವುದನ್ನು ಕಲಿಸಿದ್ದೀರಿ. ಬೆಂಕಿಗಿಂತ ನಿಮ್ಮ ನಕ್ಷೆಗೇ ನಾನು ಹೆಚ್ಚು ಅಂಜುತ್ತೇನೆ.

ಇಷ್ಟಾದ ಮೇಲೆ ಏನು ಮಾಡಿದಿರಿ? ಗೋಡೆ ಒಡೆಯಲಿಲ್ಲ. ಮುರಿದ ಕೀಲಿಯ ಜಾಗಕ್ಕೆ ಹೊಸ ಕೀಲಿ ಬಂತು, ಮೊದಲಿನದಕ್ಕಿಂತ ದೊಡ್ಡದು. ವದಂತಿ ಹಬ್ಬಿಸಬಾರದು ಎಂದು ಹುಡುಗಿಯರಿಗೆ ಸೂಚನೆ ಬಂತು. ರಾಜಶ್ರೀ ತಾನೇ ಮಾಡಿದ ನಕ್ಷೆಯ ಬಾಣದ ಮೇಲೆ ಕರಿ ಕಾಗದ ಅಂಟಿಸಿದಳು. ವಿಶ್ವವಿದ್ಯಾಲಯದ ಆಸ್ತಿ ಕೆಡಿಸಿದಳೆಂದು ಅವಳಿಗೆ ನೋಟೀಸು ಕೊಟ್ಟಿರಿ, ಕಾಗದ ಕಿತ್ತಿರಿ. ಈಗ ಬಾಣ ಮತ್ತೆ ಹಸಿರಾಗಿ ಹೊಳೆಯುತ್ತಿದೆ. ಸಂಯೋಜಕರನ್ನು ಕೇಳಿದೆ. "ಏನೂ ಆಗಿಲ್ಲಲ್ರಿ ಯಜಮಾನ್ರ?" ಎಂದರು. ಏನೂ ಆಗಿಲ್ಲ. ಆಗಲು ಇನ್ನೂ ಜಾಗ ಖಾಲಿ ಇದೆ ಎಂದು ಆ ಮಾತಿನ ಅರ್ಥ. ಗುರಣ್ಣನೂ ಮುಳ್ಳು ಜಡಿದ ರಾತ್ರಿ ಏನೂ ಆಗಿಲ್ಲ ಎಂದೇ ಮಲಗಿದ್ದ.

ಇನ್ನೊಂದು ಸುದ್ದಿ ಕೇಳಿದೆ. ನಕ್ಷೆ ಬಹಳ ಚೆಂದ ಬಂದಿದೆಯೆಂದು ಅದನ್ನೇ ಅಚ್ಚಾಗಿ ಇಟ್ಟುಕೊಂಡು ಉಳಿದ ಕಟ್ಟಡಗಳಿಗೂ ಮಾಡಿಸುತ್ತಿದ್ದೀರಂತೆ. ಮುದ್ದೇಬಿಹಾಳದ ಹುಡುಗ ಕಲ್ಮೇಶ ಆ ಕೆಲಸಕ್ಕೆ ಕುಳಿತಿದ್ದಾನೆ. ಅವನೂ ಜಾಗ ನೋಡಿಲ್ಲ, ನೋಡುವಂತಿಲ್ಲ. ಅವನ ಚುಕ್ಕೆ ಸದ್ಯ ಹಳದಿಯಿದೆ, ಶುಕ್ರವಾರಕ್ಕೆ ಹಸಿರಾಗುತ್ತದೆ. ಜನವರಿಯಲ್ಲಿ ಪರಿಶೀಲನೆಯ ಸಮಿತಿ ಬರುತ್ತದೆ, ಫಲಕ ತುಂಬ ಹಸಿರು ನೋಡಿ ಹಾರ ಹಾಕಿಸಿಕೊಂಡು ಹೋಗುತ್ತದೆ. ಅದರ ಹಿಂದೆಯೇ ಹೊಸ ಹುಡುಗಿಯರು ಹಾಸಿಗೆ ಪೆಟ್ಟಿಗೆ ಹೊತ್ತು ಬರುತ್ತಾರೆ. ಅಫ್ರೀನಳ ಬೆರಳು ಅವರು ನೋಡಿಲ್ಲ. ಗೋಡೆ ನೋಡಿಲ್ಲ. ಬಂದ ದಿನವೇ ಅವರಿಗೆ ಬಾಣ ತೋರಿಸುತ್ತೀರಿ. ಒಳ್ಳೆಯ ಮಕ್ಕಳು, ಕಲಿಸಿದ್ದು ಕಲಿಯುತ್ತಾರೆ. ಗೀಸರಿಗೆ ಹಳೆಯ ವೈರೇ ಇದೆ, ಗಂಟು ಹಾಕಿ ಟೇಪು ಸುತ್ತಿದ್ದಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಇಟ್ಟಂಗಿ ಒಡೆಸಿ. ಹಾರಿ, ಸುತ್ತಿಗೆ ಇಲ್ಲದಿದ್ದರೆ ನಾನು ತರುತ್ತೇನೆ. ಒಡೆಸಿದ ಮೇಲೆ ಎಲ್ಲ ಹುಡುಗಿಯರನ್ನೂ ಆ ಬಾಗಿಲಿನಿಂದ ಒಂದು ಸಲ ಹೊರಗೆ ನಡೆಸಿ ಬೇವಿನ ಗಿಡದ ಬುಡದಲ್ಲಿ ನಿಲ್ಲಿಸಿ. ನೀವು ಮುಂದೆ ನಡೆಯಿರಿ. ಒಡೆಸುವ ಮನಸ್ಸಿಲ್ಲದಿದ್ದರೆ ಇವತ್ತೇ ನಕ್ಷೆ ಇಳಿಸಿ. ಇಳಿಸುವ ಮನಸ್ಸೂ ಇಲ್ಲದಿದ್ದರೆ ಅದರ ಕೆಳಗಿನ ನನ್ನ ಮೊಮ್ಮಗಳ ಹೆಸರು ಅಳಿಸಿ ನಿಮ್ಮ ಹೆಸರು ಬರೆಸಿ, ಓಡುವವರಿಗೆ ಯಾರನ್ನು ನಂಬಿ ಓಡುತ್ತಿದ್ದೇವೆ ಎಂಬುದಾದರೂ ತಿಳಿಯಲಿ.

ಈ ಮೂರರಲ್ಲಿ ಯಾವುದನ್ನು ಮಾಡಿದಿರಿ ಎಂದು ಡಿಸೆಂಬರ್ ಹದಿನೈದರೊಳಗೆ ಉತ್ತರ ಕೊಡಿ. ನಾನು ಬರೆದು ಕೊಟ್ಟಿದ್ದೇನೆ. ನೀವೂ ಬರೆದೇ ಕೊಡಿ.

ಇಂತಿ,
ನಿಮ್ಮ ಬಾಗಿಲಿಗೆ ಬೆನ್ನು ಹಚ್ಚಿ ಕುಳಿತು ಅದು ಗೋಡೆಯೆಂದು ತಿಳಿದವನು,
ಮಾಳಿಂಗರಾಯ
ಕುರಿ ಕಾಯುವವನು, ಆಲಮೇಲ