ಹೊರೆದಾರಿಯ ಮೂರನೇ ಹಂತ

ಮೂರನೇ ತಂಗುಮನೆಯಿಂದ,
ಹನ್ನೆರಡನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ಮೊದಲ ತಂಗುಮನೆ ಮುಟ್ಟಿದ ಕೂಡಲೇ ಕಾಗದ ಹಾಕುತ್ತೇನೆಂದು ಹೇಳಿ ಹೊರಟವನು ಆರು ದಿನ ಸುಮ್ಮನಿದ್ದುಬಿಟ್ಟೆ. ಕಾಲಿಗೆ ಬೊಬ್ಬೆ ಬಂತು, ಪೆನ್ನು ನೆನೆಯಿತು ಎಂದೆಲ್ಲ ನೆಪ ಹೇಳುವುದಿಲ್ಲ. ಬರೆಯಲು ಕೈ ಏಳಲಿಲ್ಲ, ಕ್ಷಮಿಸಿ. ಪುಟ್ಟಿಯ ಕೆಮ್ಮು ಇಳಿಯಿತೇ? ಮಲಗುವಾಗ ಅಪ್ಪನ ಅಂಗಿ ಬೇಕೆಂದು ಹಠ ಹಿಡಿದರೆ ಕೊಟ್ಟುಬಿಡಿ. ಒಗೆಯಬೇಡಿ.

ಅಣ್ಣನ ಸಾವಿನ ಬಗ್ಗೆ ಹದಿನೆಂಟನೇ ತಾರೀಕು ನಡೆಯುವ ವಿಚಾರಣೆಗೆ ಮೊದಲೇ ಈ ಕಾಗದ ನಿಮ್ಮ ಕೈಸೇರಬೇಕು. ಇವತ್ತು ಕೆಳಗಿಳಿಯುವ ಮೇಷ್ಟ್ರೊಬ್ಬರು ತಲುಪಿಸುತ್ತೇನೆಂದು ಒಪ್ಪಿದ್ದಾರೆ. ಈ ತಂಗುಮನೆಯನ್ನು ಕಾಯುವ ಅಜ್ಜ ದಾರಿ ತೋರಿಸುವ ಕಲ್ಲುಗುಡ್ಡೆಗಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ, ಅದರಿಂದಲೇ ಅಣ್ಣ ಮಂಜಿನಲ್ಲಿ ದಾರಿ ತಪ್ಪಿ ಸತ್ತ ಎಂದು ನೀವು ಅಲ್ಲಿ ಹೇಳಲಿದ್ದೀರಿ. ಆ ಮಾತು ನಿಮ್ಮದಲ್ಲ. ನಾನು ಬರೆದು, ನಾನು ಕೆಲಸ ಮಾಡುವ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿ, ಊರಿಗೆಲ್ಲ ಹಂಚಿದ ಕರಪತ್ರದ್ದು. 'ಒಬ್ಬ ಕಾರ್ಮಿಕನನ್ನು ಬಲಿ ತೆಗೆದುಕೊಂಡ ಅಲಕ್ಷ್ಯ' ಎಂದು ದಪ್ಪಕ್ಷರದಲ್ಲಿ ತಲೆಬರಹ ಕೊಟ್ಟಿದ್ದೆ. ನೀವು ಅದನ್ನು ಓದಿ ಮಡಿಸಿ, 'ನೀನೊಬ್ಬನಾದರೂ ಅವರ ಪರ ನಿಂತೆಯಲ್ಲ' ಎಂದು ಅತ್ತಿರಿ. ಸಾಕ್ಷಿ ತರುತ್ತೇನೆಂದು ಹೇಳಿ ಇಲ್ಲಿಗೆ ಹೊರಟೆ.

ಮೊದಲ ಹಂತ ಎರಡು ದಿನ ತಿಂದಿತು. ಬಂದರಿನಿಂದ ಬೆಟ್ಟದಾಚೆಗೆ ನೂರು ವರ್ಷ ಬೆನ್ನ ಮೇಲೆ ಸರಕು ಹೊತ್ತವರು ಇದೇ ಮೆಟ್ಟಿಲು ಹತ್ತಿದ್ದು. ಮೆಟ್ಟಿಲುಗಳು ನಡುವೆ ಬಟ್ಟಲಿನ ಹಾಗೆ ಸವೆದಿವೆ. ಅಲ್ಲಲ್ಲಿ ಸೊಂಟದೆತ್ತರದ ಕಟ್ಟೆಗಳು. ಬೆನ್ನು ತಿರುಗಿಸಿ ನಿಂತರೆ ಹೊರೆ ತಾನಾಗಿ ಕಟ್ಟೆಯ ಮೇಲೆ ಕೂರುತ್ತದೆ, ಹೊತ್ತವನು ಪಟ್ಟಿ ಬಿಚ್ಚದೆ ನಾಲ್ಕು ಉಸಿರು ಎಳೆದುಕೊಂಡು ಮುಂದೆ ಹೋಗಬಹುದು. ನಾನೂ ಹಾಗೇ ನಿಂತು ನೋಡಿದೆ. ಕಟ್ಟಿದವನಿಗೆ ಬೆನ್ನುನೋವು ಏನೆಂದು ಗೊತ್ತಿತ್ತು. ಆದರೆ ಪಕ್ಕದ ಹಿತ್ತಾಳೆ ಫಲಕದಲ್ಲಿ ಇರುವುದು ಕುದುರೆಯ ಮೇಲೆ ಹೋದ ಅಧಿಕಾರಿಯ ಹೆಸರು! ನನಗೆ ಮೈಯೆಲ್ಲ ಉರಿಯಿತು. ಎರಡನೇ ಹಂತ ಪೂರ್ತಿ ಆ ಉರಿಯಲ್ಲೇ ನಡೆದೆ. ಕೋಪ ಇದ್ದಷ್ಟು ಹೊತ್ತು ಬೇರೆ ಯೋಚನೆ ಬರುವುದಿಲ್ಲ ಅತ್ತಿಗೆ, ಅದೊಂದು ಅನುಕೂಲ.

ನಿನ್ನೆ ಬೆಳಿಗ್ಗೆ ಇಲ್ಲಿಗೆ ಬಂದಾಗ ಅಜ್ಜ ಅಂಗಳದಲ್ಲಿ ಒಂದು ಬೂಟಿಗೆ ಮೊಳೆ ಹೊಡೆಯುತ್ತಿದ್ದ. ನನ್ನ ಮುಖದಲ್ಲಿ ಅಣ್ಣನ ಹೋಲಿಕೆ ಕಂಡದ್ದೇ ಗುರುತು ಹಿಡಿದ.

"ಓಹೋ, ಕರಪತ್ರದವರು! ಬನ್ನಿ, ಬನ್ನಿ. ಬೈದಿದ್ದೆಲ್ಲ ಚೆನ್ನಾಗೇ ಬೈದಿದ್ದೀರಿ. ವಯಸ್ಸು ಮಾತ್ರ ನಾಲ್ಕು ವರ್ಷ ಜಾಸ್ತಿ ಹಾಕಿಬಿಟ್ರಲ್ಲ ಸ್ವಾಮಿ."

"ವಯಸ್ಸು ತಿದ್ದೋಕೆ ಬಂದಿಲ್ಲ. ಗುಡ್ಡೆ ನೋಡೋಕೆ ಬಂದಿದ್ದೀನಿ," ಎಂದೆ ಬಿಗಿಯಾಗಿ.

"ನೋಡ್ಕೊಂಡು ಬಾ, ಮಗಾ. ಊಟದ ಹೊತ್ತಿಗೆ ಬಂದ್ಬಿಡು. ಬೈಯೋದಕ್ಕೂ ಹೊಟ್ಟೆ ತುಂಬಿರ್ಬೇಕು."

ಹೋದೆ. ಒಂದು ಗುಡ್ಡೆಯ ಬಳಿ ನಿಂತರೆ ಮುಂದಿನದು ಕಾಣುತ್ತದೆ. ಅಡಿಯಲ್ಲಿ ಚಪ್ಪಟೆ ಕಲ್ಲು, ಮೇಲೆ ಒಂದು ಬಿಳಿ ಕಲ್ಲು. ಪ್ರತಿ ವರ್ಷ ರಜೆ ಹಾಕಿ ಬಂದು ಅಣ್ಣ ರಿಪೇರಿ ಮಾಡುತ್ತಿದ್ದ ಗುಡ್ಡೆಗಳು. ಒಂದೂ ಕುಸಿದಿರಲಿಲ್ಲ.

ಈಗ ನಿಜ ಬರೆಯುತ್ತೇನೆ, ಕುಳಿತುಕೊಂಡು ಓದಿ.

ಕಳೆದ ಬೇಸಿಗೆಯಲ್ಲಿ ನಾನು ನಾಲ್ಕು ದಿನ ಊರಲ್ಲಿರಲಿಲ್ಲ. ಸಂಘದ ಸಭೆ ಎಂದಿದ್ದೆ. ಬಂದದ್ದು ಇಲ್ಲಿಗೆ. ಹಳೆಯ ಪುಸ್ತಿಕೆಯೊಂದರಲ್ಲಿ ಮೂರನೇ ಹಂತದ ನಕ್ಷೆ ಸಿಕ್ಕಿತ್ತು. ಹೊರೆಯವರ ಅಸಲಿ ದಾರಿ ಬೇರೆ, ಈಗ ಇರುವುದು ಅಧಿಕಾರಿಗಳು ಆಮೇಲೆ ತಮ್ಮ ಬಂಗಲೆಯ ಕಡೆಗೆ ತಿರುಗಿಸಿಕೊಂಡದ್ದು ಎಂದು ಅದರಲ್ಲಿ ಬರೆದಿತ್ತು. ಹೊರೆ ಹೊತ್ತು ಸತ್ತವರಿಗೆ ಅವರ ದಾರಿಯನ್ನಾದರೂ ವಾಪಸ್ಸು ಕೊಡಬೇಕು ಎನಿಸಿತು. ಅಜ್ಜ ಸಾಮಾನು ತರಲು ಕೆಳಗಿಳಿದಿದ್ದಾಗ, ದಾರಿ ಕವಲೊಡೆಯುವಲ್ಲಿಂದ ಹಳೆಯ ದಾರಿಯ ಗುಂಟ ಹನ್ನೊಂದು ಗುಡ್ಡೆ ಇಟ್ಟೆ. ಹನ್ನೊಂದನೆಯದರ ಹೊತ್ತಿಗೆ ಮಳೆ ಹಿಡಿಯಿತು. ಮುಂದಿನದು ನಕ್ಷೆಯಲ್ಲಿ ಇದ್ದೇ ಇತ್ತಲ್ಲ, ನಡೆದು ನೋಡದೆ ಮರಳಿದೆ.

ಗುಡ್ಡೆ ಇಡುವವರಿಗೆ ಒಂದು ಕಟ್ಟುಪಾಡು ಇದೆ. ಆ ದಾರಿಯಲ್ಲಿ ಕೊನೆಯವರೆಗೆ ಹೋಗಿ, ವಾಪಸ್ಸೂ ನಡೆದು ಬಂದ ಮೇಲೆಯೇ ಮೊದಲ ಕಲ್ಲು ಇಡಬೇಕು. ಆಸ್ಪತ್ರೆಯ ಲಿಫ್ಟ್ ರಿಪೇರಿ ಮಾಡುತ್ತಿದ್ದ ಅಣ್ಣನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ತಾನು ಒಳಗೆ ನಿಂತು ಮೇಲೆ ಕೆಳಗೆ ಹೋಗಿಬರದೆ ಒಂದು ಸ್ಟ್ರೆಚರನ್ನೂ ಹತ್ತಿಸಗೊಡುತ್ತಿರಲಿಲ್ಲ.

ನಿನ್ನೆ ನೋಡಿದರೆ ನನ್ನ ಹನ್ನೊಂದರಲ್ಲಿ ಒಂದೂ ಇಲ್ಲ. ಆದರೂ ನಕ್ಷೆ ಹಿಡಿದು ಅದೇ ಜಾಡಿನಲ್ಲಿ ಹೋದೆ. ಹನ್ನೊಂದನೆಯದು ಇದ್ದ ಜಾಗದಿಂದ ಮುನ್ನೂರು ಹೆಜ್ಜೆ ಆಚೆ ಬೆಟ್ಟವೇ ಇಲ್ಲ. ಯಾವಾಗಲೋ ಜರಿದುಹೋಗಿದೆ. ಹುಲ್ಲು ಅಂಚಿನವರೆಗೂ ಬೆಳೆದಿದೆ. ಅಂಚು ಎಲ್ಲಿದೆ ಎಂದು ಬಿಸಿಲಿನಲ್ಲೇ ನನಗೆ ಗೊತ್ತಾಗಲಿಲ್ಲ, ಅಣ್ಣ ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಂಜು ಇಳಿದಿತ್ತು. ಅಧಿಕಾರಿಗಳು ದಾರಿ ತಿರುಗಿಸಿದ್ದು ಬಂಗಲೆಗಾಗಿ ಅಲ್ಲ ಅತ್ತಿಗೆ. ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡಿದೆ. ಎಷ್ಟು ಹೊತ್ತು ಎಂದು ತಿಳಿಯದು.

ವಾಪಸ್ಸು ಬಂದಾಗ ಅಜ್ಜ ತಟ್ಟೆ ಮುಚ್ಚಿಟ್ಟಿದ್ದ. ನನ್ನ ಬಾಯಿಂದ ಮೊದಲು ಬಂದ ಮಾತು, "ಆ ಹನ್ನೊಂದು ಎಲ್ಲಿ ಹೋದವು?"

ಗುಡ್ಡೆ ಎಷ್ಟು ಎಂದು ಅವನು ನನಗೆ ಹೇಳಿರಲೇ ಇಲ್ಲ, ಕೇಳಿದ್ದರಲ್ಲೇ ನಾನು ಒಪ್ಪಿಕೊಂಡ ಹಾಗಾಯಿತು.

"ನಾನೇ ಬಿಚ್ಚಿ ಹಾಕ್ದೆ. ಅವನನ್ನ ಮೇಲೆ ತಂದ ದಿನಾನೇ. ಇನ್ನೊಬ್ಬರು ಆ ಕಡೆ ಹೋಗ್ಬಾರ್ದಲ್ಲ."

"ಯಾರು ಇಟ್ಟಿದ್ದು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ನಿಮ್ಮ ಕೆಲಸ ಹೋಗುತ್ತೆ, ಈ ಮನೆ ಬಿಡಿಸ್ತಾರೆ!"

"ಮಂಡಿ ಹೋಗಿದೆ, ಹಲ್ಲು ಹೋಗಿದೆ, ಕೆಲಸಾನೂ ಹೋಗ್ಲಿ ಬಿಡು. ಆ ಹೆಣ್ಣುಮಗಳು ಒಬ್ಬನ್ನ ಕಳ್ಕೊಂಡಿದ್ದಾಳೆ. ಉಳಿದಿರೋ ಒಬ್ಬನ್ನೂ ನಾನು ಕಿತ್ಕೊಳ್ಳಲಾ? ಊಟ ಮಾಡು, ಆರೋಗ್ತಾ ಇದೆ."

ಶ್ರಮಜೀವಿಗಳ ಪರವಾಗಿ ನಾನು ಬರೆದ ಮೊದಲ ಕರಪತ್ರ, ಇಂಥ ಒಬ್ಬ ಶ್ರಮಜೀವಿಯ ಕತ್ತಿಗೇ ಬಿತ್ತು. ಇನ್ನು ಇವನ ಮೌನದ ಹಿಂದೆ ನಾನು ಅಡಗಿಕೊಳ್ಳಲಾರೆ. ಹದಿನೆಂಟಕ್ಕೆ ನಾನೇ ನೇರವಾಗಿ ಅಲ್ಲಿಗೆ ಬಂದು ಎಲ್ಲ ಹೇಳುತ್ತೇನೆ. ನೀವು ಅಜ್ಜನ ವಿರುದ್ಧ ಒಂದು ಮಾತೂ ಆಡಬೇಡಿ. ನನ್ನ ವಿರುದ್ಧ ಏನು ಬೇಕಾದರೂ ಆಡಿ. ನನ್ನ ಮುಖ ನೋಡಬಾರದು ಎನಿಸಿದರೆ ಮೇಷ್ಟ್ರ ಹತ್ತಿರ ಹೇಳಿ ಕಳಿಸಿ, ನನ್ನ ಪೆಟ್ಟಿಗೆಯನ್ನು ಪ್ರೆಸ್ಸಿಗೆ ತರಿಸಿಕೊಳ್ಳುತ್ತೇನೆ.

ನಿಮ್ಮಿಂದ ಆಶೀರ್ವಾದ ಕೇಳುವ ಯೋಗ್ಯತೆ ನನಗೆ ಉಳಿದಿಲ್ಲ. ಪುಟ್ಟಿಗೆ ಮಾತ್ರ ನನ್ನದು ಇರಲಿ: ಚೆನ್ನಾಗಿ ಬೆಳೆಯಲಿ, ಅವಳ ಅಪ್ಪನ ಕೈಗುಣ ಅವಳಿಗೆ ಬರಲಿ.

ನಿಮ್ಮ ಮೈದುನ

ಮತ್ತೆ: ಕಾಗದ ಮಡಿಸುತ್ತಿದ್ದಾಗ ಅಜ್ಜ ಬಂದು ಪಕ್ಕದಲ್ಲಿ ಕುಳಿತ. ಗುಡ್ಡೆ ಯಾರದೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಹೇಳಿದ. ಅಣ್ಣ ಸತ್ತ ದಿನ ಅವನೂ ಅಣ್ಣನೂ ಕವಲಿನವರೆಗೆ ಜೊತೆಗೆ ಹೋಗಿದ್ದರಂತೆ. ಹೊಸ ಗುಡ್ಡೆ ಕಂಡು ಅಣ್ಣ ನಕ್ಕನಂತೆ. "ಇದು ನಮ್ಮ ಹುಡುಗನ ಕೈ ಅಜ್ಜ, ಅಡಿ ಸಣ್ಣ, ತಲೆ ದಪ್ಪ, ಅವನ ಭಾಷಣದ ಹಾಗೇ." ಬೇಡಪ್ಪ, ಆ ಕಡೆ ನಾನೇ ಕಾಲಿಟ್ಟು ಎಷ್ಟೋ ವರ್ಷ ಆಯ್ತು ಎಂದು ಅಜ್ಜ ತಡೆದನಂತೆ. "ಬಾಯಿ ಜೋರು ಅಷ್ಟೇ, ನಡೆದು ನೋಡದೆ ಅವನು ಕಲ್ಲು ಇಡಲ್ಲ," ಎಂದು ಹೇಳಿ ಅಣ್ಣ ಚೀಲ ಏರಿಸಿಕೊಂಡು ಆ ಕಡೆ ಹೊರಟನಂತೆ. ಆಗಿನ್ನೂ ಮಂಜು ಇರಲಿಲ್ಲ ಅತ್ತಿಗೆ. ಒಳ್ಳೆಯ ಬಿಸಿಲಿತ್ತಂತೆ, ಈಚೆಯ ದಾರಿಯಲ್ಲಿ ಅಣ್ಣ ತಾನೇ ಕಟ್ಟಿದ ಗುಡ್ಡೆಗಳು ಉದ್ದಕ್ಕೂ ಕಾಣುತ್ತಿದ್ದವಂತೆ.