ಕಾಳು ತುಳಿಯದ ಗಾಡಿ

ನಿಟ್ಟುವಳ್ಳಿ, ದಾವಣಗೆರೆ
26-11-2024, ಮಂಗಳವಾರ

ಪ್ರೀತಿಯ ಅವ್ವಾ,

ಮೊದಲು ಒಂದು ಕೆಲಸ ಮಾಡು. ದೇವರ ಪಟದ ಪಕ್ಕದಲ್ಲಿ ಪೇಪರಿನ ತುಂಡೊಂದನ್ನು ಅಂಟಿಸಿದ್ದೀಯಂತಲ್ಲ, ಅದನ್ನು ಕಿತ್ತು ಒಲೆಗೆ ಹಾಕು. ಆಮೇಲೆ ಕೂತು ಈ ಕಾಗದ ಓದು.

ತಮ್ಮ ಶಿವು ಮೊನ್ನೆ ಫೋನ್ ಮಾಡಿದ್ದ. ನಿನ್ನ ಮಗಳು ಹೈವೇಯಲ್ಲಿ ಬಿದ್ದ ಹೆಂಗಸಿನ ಜೀವ ಉಳಿಸಿದಳು ಎಂದು ಕೊಂಡಜ್ಜಿ ಊರ ತುಂಬ ಹೇಳಿಕೊಂಡು ಬಂದಿದ್ದೀಯಂತೆ. ಭಾನುವಾರ ನಮ್ಮ ಓಣಿಯ ಮಹಿಳಾ ಸಂಘದವರು ನನಗೆ ಶಾಲು ಹೊದಿಸುತ್ತಾರೆ, ನೀನು ಹೊಸ ಸೀರೆ ಉಟ್ಟು ಬರುತ್ತೀಯ ಎಂದೂ ಹೇಳಿದ. ಬರಬೇಡ. ಶಾಲೂ ಇಲ್ಲ, ಸನ್ಮಾನವೂ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ, ಕಿರುಚಿದರೆ ನಮ್ಮ ವಠಾರದ ಆರು ಮನೆಗೂ ಕೇಳಿಸುತ್ತದೆ. ನೀನು ಏಳನೇ ಕ್ಲಾಸಿನವರೆಗೆ ಓದಿದ್ದು ಇವತ್ತು ಉಪಯೋಗಕ್ಕೆ ಬರಲಿ.

ನಿನಗೆ ಈ ರಸ್ತೆ ಗೊತ್ತಿಲ್ಲ ಅವ್ವ. ಬಸ್ಸಿನ ಕಿಟಕಿಯಿಂದ ನೋಡಿದ್ದು ನೋಡಿದಂತಲ್ಲ. ಐದು ತಿಂಗಳಿಂದ ದಿನಾ ಬೆಳಿಗ್ಗೆ ಮಂಡಕ್ಕಿ ಹುರಿಯುವ ಭಟ್ಟಿಯಿಂದ ಚೀಲ ಹೇರಿಕೊಂಡು ಹರಿಹರದ ಅಂಗಡಿಗಳಿಗೆ ಹಾಕಿ ಬರುತ್ತಿದ್ದೇನೆ. ನಿನ್ನ ಅಳಿಯ ಸೊಂಟ ಹಿಡಿದುಕೊಂಡು ಮಲಗಿದಾಗ, ಹದಿನಾಲ್ಕನೇ ವಯಸ್ಸಿಗೇ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು ನಾನು, ಇದೇನು ಮಹಾ ಎಂದು ಜಂಬ ಕೊಚ್ಚಿಕೊಂಡು ಅವರ ಲಗೇಜ್ ಗಾಡಿ ಹತ್ತಿದೆ. ಒಂದೇ ವಾರಕ್ಕೆ ಜಂಬವೆಲ್ಲ ಇಳಿಯಿತು. ನಮ್ಮೂರಲ್ಲಿ ಎದುರಿಗೆ ಯಾರಾದರೂ ಬಂದರೆ ಒಂದು ಗಾಲಿ ಮಣ್ಣಿಗಿಳಿಸಿ ದಾರಿ ಬಿಡುತ್ತೇವೆ, ಕೈ ಎತ್ತುತ್ತೇವೆ, ಉಂಡಿರಾ ಎಂದು ಕೇಳುತ್ತೇವೆ. ನಾನು ಸರ್ವಿಸ್ ರೋಡಿನಿಂದ ಹೈವೇಗೆ ಸೇರುವ ಕಡೆ ಹಾಗೆಯೇ ಮರ್ಯಾದೆಯಿಂದ ನಿಂತೆ. ಒಂದು ಲಾರಿ ಹೋಗಲಿ, ಈ ಕಾರು ಹೋಗಲಿ, ಪಾಪ ಆ ಬಸ್ಸಿನಲ್ಲಿ ಮಕ್ಕಳಿವೆ ಹೋಗಲಿ ಎಂದು ಕಾದೆ. ಹತ್ತು ನಿಮಿಷವಾದರೂ ನನ್ನ ಸರದಿ ಬರಲಿಲ್ಲ. ಹಿಂದೆ ನಿಂತವರೆಲ್ಲ ಹಾರನ್ ಹೊಡೆದದ್ದಕ್ಕೆ ತಲೆ ಒಡೆದುಹೋಗುವಂತಾಯಿತು. ಒಬ್ಬ ಕಾರಿನಿಂದ ಇಳಿದು ಬಂದು, ಒಳಗೆ ಬಗ್ಗಿ ನೋಡಿ, ಓ ಹೆಂಗಸಾ, ಅದಕ್ಕೇ ಮತ್ತೆ ಎಂದು ಹೇಳಿ ಹೋದ. ಅಷ್ಟು ಹೇಳುವುದಕ್ಕೆಂದೇ ಇಳಿದಿದ್ದ ಪುಣ್ಯಾತ್ಮ.

ಹೇಸಿಗೆ ಅವ್ವ, ಈ ರಸ್ತೆ ಹೇಸಿಗೆ. ಎದುರು ದಿಕ್ಕಿನಿಂದ ಲೈಟ್ ಹಾಕಿಕೊಂಡು ಬರುವವರು ನಮ್ಮನ್ನೇ ಕಣ್ಣು ಕೆಕ್ಕರಿಸಿ ನೋಡುತ್ತಾರೆ. ಬಸ್ಸಿನ ಕಿಟಕಿಯಿಂದ ಒಬ್ಬ ಉಗುಳಿದ ಎಲೆ ಅಡಿಕೆ ನನ್ನ ಗಾಜಿನ ಮೇಲೆ ಬಿತ್ತು. ವೈಪರ್ ಹಾಕಿದರೆ ಅದು ಗಾಜಿನ ತುಂಬ ಹರಡಿತು, ಆ ಕೆಂಪಿನೊಳಗಿಂದಲೇ ರಸ್ತೆ ನೋಡುತ್ತ ಹರಿಹರ ಮುಟ್ಟಿದೆ. ಕಾರಿನಲ್ಲಿ ಕೂತು ಉಂಡು ಎಂಜಲು ತಟ್ಟೆಯನ್ನು ಹಾಗೆಯೇ ಹೊರಗೆ ಬಿಸಾಡುತ್ತಾರೆ. ಒಂದು ನಾಯಿ ಸತ್ತು ಬಿದ್ದಿತ್ತು. ಮೊದಲ ದಿನ ನಾಯಿಯಾಗಿತ್ತು, ಮೂರನೇ ದಿನ ಚರ್ಮ, ಎಂಟನೇ ದಿನ ರಸ್ತೆಯ ಮೇಲೊಂದು ಕಲೆ. ಯಾರೂ ಬದಿಗೆ ಎಳೆದು ಹಾಕಲಿಲ್ಲ. ನಾನೂ ಹಾಕಲಿಲ್ಲ.

ಆದರೂ ಕಲಿತೆ. ಹಾರನ್ ಮೇಲೆ ಕೈ ಇಟ್ಟುಕೊಂಡೇ ಓಡಿಸುವುದನ್ನು ಕಲಿತೆ. ಪಕ್ಕದವನ ಮುಖ ನೋಡದೆ ಗಾಡಿಯ ಮೂತಿ ತೂರಿಸುವುದನ್ನು ಕಲಿತೆ, ಏಕೆಂದರೆ ಮುಖ ನೋಡಿದರೆ ದಾರಿ ಬಿಡಬೇಕೆನ್ನಿಸುತ್ತದೆ. ಒಂದು ದಿನ ಸ್ಕೂಟರಿನ ಮುದುಕರೊಬ್ಬರಿಗೆ ಬೈದೆ. ಎಂಥ ಬೈಗುಳ ಎಂದು ನಿನಗೆ ಬರೆಯಲಾರೆ. ಮಂಡಕ್ಕಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದೆ ಎಂದು ಅಂಗಡಿಯವರು ಹೊಗಳಿದರು. ನಾನೂ ಹಿಗ್ಗಿದೆ.

ಇನ್ನು ಆ ದಿನದ ವಿಷಯ. ಹದಿನಾಲ್ಕನೇ ತಾರೀಖು, ಗುರುವಾರ ಬೆಳಿಗ್ಗೆ. ಬಾತಿ ದಾಟಿ ಸ್ವಲ್ಪ ಮುಂದೆ ಹೋಗಿದ್ದೆ. ಮುಂದೆ ಹೋದ ಯಾವುದೋ ಲಾರಿಯ ಚೀಲ ಬಿಚ್ಚಿಕೊಂಡು ಎಡಗಡೆಯಲ್ಲಿ ಮೆಕ್ಕೆಜೋಳ ಚೆಲ್ಲಿತ್ತು. ಈ ಸಲದ ಹೊಸ ಕಾಳು. ಅಲ್ಲಿ ಸ್ಕೂಟಿಯಲ್ಲಿ ಬರುತ್ತಿದ್ದ ಹೆಂಗಸು ಬಿದ್ದರು. ಅವರು ಶಾಂತಕುಮಾರಿ, ಹರಿಹರದವರು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ದಾವಣಗೆರೆಯ ಮೆಸ್ಸುಗಳಿಗೆ ಕೊಟ್ಟು ಜೀವನ ಮಾಡುತ್ತಾರೆ. ಅವತ್ತೂ ರೊಟ್ಟಿ ಕೊಟ್ಟು ಮನೆಗೆ ಮರಳುತ್ತಿದ್ದರು. ಬಲಗೈ ಮುಂಗೈ ಹತ್ತಿರ ಎರಡು ಕಡೆ ಮುರಿದಿತ್ತು, ಹಣೆ ಒಡೆದು ರಕ್ತ ಬರುತ್ತಿತ್ತು.

ಒಂದು ಗಾಡಿಯೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಿಂತವು, ಯಾಕೆ ಗೊತ್ತಾ? ಜೋಳ ತುಂಬಿಕೊಳ್ಳುವುದಕ್ಕೆ. ಒಬ್ಬ ಚೀಲ ತಂದ, ಇನ್ನೊಬ್ಬ ಹೆಲ್ಮೆಟ್ ಬಿಚ್ಚಿ ಅದರಲ್ಲೇ ತುಂಬಿಕೊಂಡ. ಆ ಹೆಂಗಸಿನ ಕಾಲ ಬಳಿಯ ಕಾಳನ್ನೂ ಬಳಿದುಕೊಂಡರು. ಒಬ್ಬ ನಿಂತು ವಿಡಿಯೋ ಮಾಡಿದ. ನೀವು ಅನ್ನ ತಿನ್ನುವವರೇನು ಎಂದು ಗಂಟಲು ಹರಿಯುವಂತೆ ಕೇಳಿದೆ. ಹೆಲ್ಮೆಟ್ಟಿನವನು ತಲೆ ಎತ್ತಲೂ ಇಲ್ಲ. ನಾನೊಬ್ಬಳೇ ಅವರನ್ನು ಎತ್ತಿ, ವೇಲಿನಿಂದ ಕೈ ಕಟ್ಟಿ, ಮಂಡಕ್ಕಿ ಚೀಲಗಳ ಮೇಲೆ ಮಲಗಿಸಿ ಆಸ್ಪತ್ರೆಗೆ ಸೇರಿಸಿದೆ. ಪೇಪರಿನಲ್ಲಿ ಇದನ್ನೇ ಬರೆದಿದ್ದಾರೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಆದರೆ ಅವರನ್ನು ಕೆಡವಿದವಳೂ ನಾನೇ ಅವ್ವ.

ಕಾಳು ಕಂಡ ತಕ್ಷಣ ನಾನು ಗಾಡಿಯನ್ನು ಬಲಕ್ಕೆ ಎಳೆದೆ. ಕನ್ನಡಿ ನೋಡಲಿಲ್ಲ, ಇಂಡಿಕೇಟರ್ ಹಾಕಲಿಲ್ಲ. ಸುಗ್ಗಿಯಲ್ಲಿ ನಮ್ಮೂರ ರಸ್ತೆಯ ಅರ್ಧಕ್ಕೆ ಜೋಳ ಹರವಿ, ಅಂಚಿಗೆ ಕಲ್ಲಿಟ್ಟು ಒಣಗಿಸುತ್ತಾರಲ್ಲ, ಬಸ್ಸಿನವನೂ ಸುತ್ತಿಕೊಂಡು ಹೋಗುತ್ತಾನಲ್ಲ, ಹಾಗೆ ಸುತ್ತಿಕೊಂಡು ಹೋಗಲು ನೋಡಿದೆ. ಐದು ವರ್ಷದವಳಿದ್ದಾಗ ಸಣ್ಣತಿಮ್ಮಪ್ಪ ಮಾವನ ರಾಶಿಯ ಮೇಲೆ ಓಡಿದ್ದಕ್ಕೆ ನೀನು ಬೆನ್ನಿಗೆ ಬಾರಿಸಿ, ಒಂದೊಂದು ಕಾಳನ್ನೂ ಕಣ್ಣಿಗೆ ಒತ್ತಿಸಿದ್ದೆ. ಹೈವೇಯಲ್ಲಿ ಚೆಲ್ಲಿದ ಕಾಳು ಹೇಗೂ ಹಿಟ್ಟಾಗಿ ಹೋಗುವಂಥದ್ದು ಎಂದು ನನಗೆ ಹೊಳೆಯಲೇ ಇಲ್ಲ. ಬಲಗಡೆಯಲ್ಲಿ ನನ್ನನ್ನು ದಾಟಲು ಬರುತ್ತಿದ್ದ ಅವರ ಹ್ಯಾಂಡಲ್ಲಿಗೆ ಗಾಡಿಯ ಹಿಂದಿನ ಮೂಲೆ ತಾಗಿತು. ಸ್ಕೂಟಿ ತಿರುಗಿ ನನ್ನ ಹಿಂದೆಯೇ ಎಡಕ್ಕೆ ಹೋಗಿ ಜೋಳದ ಮೇಲೆ ಬಿತ್ತು. ನಾನು ಕಾಳು ತುಳಿಯಲಿಲ್ಲ, ಮನುಷ್ಯರನ್ನು ಕೆಡವಿದೆ. ಇದು ನೀನು ಕಲಿಸಿದ್ದರ ತಪ್ಪಲ್ಲ, ಅಳಬೇಡ. ಕನ್ನಡಿ ನೋಡದೇ ಇದ್ದದ್ದು ನಾನು.

ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಶಾಂತಕುಮಾರಿಯವರು ಜೋಳದ ಮೇಲೆ ಜಾರಿದೆ ಎಂದರು. ಅವರಿಗೆ ನೆನಪಿರುವುದು ಅಂಗೈ ಕೆಳಗಿನ ಕಾಳು ಮಾತ್ರ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವರು ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, "ನೀನು ಇಲ್ದಿದ್ರೆ ನನ್ ಗತಿ ಏನಿತ್ತು ತಂಗಿ" ಎಂದರು. ಆಗಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು.

ಮೂರನೇ ದಿನ ಪೊಲೀಸರು ಲಾರಿಯನ್ನು ಹುಡುಕಿ ತಂದರು. ಓಡಿಸುತ್ತಿದ್ದವನ ಹೆಸರು ತಾರಿಕ್, ನಲವತ್ತು ದಾಟಿದ ಮನುಷ್ಯ, ಮೂರು ಹೆಣ್ಣುಮಕ್ಕಳ ತಂದೆ. ಲಾರಿ ಠಾಣೆಯ ಮುಂದೆ ನಿಂತಿದೆ, ಲೈಸೆನ್ಸ್ ಅವರ ಹತ್ತಿರ ಇದೆ, ಕೇಸಾಗಿದೆ. ಚೀಲ ಸರಿಯಾಗಿ ಕಟ್ಟದೇ ಇದ್ದದ್ದು ಅವನ ತಪ್ಪೇ. ಕೈ ಮುರಿದದ್ದು ಅವನ ತಪ್ಪಲ್ಲ. ಅವನ ತಾಯಿ ಹಜೀರಾಬೀ ಆಸ್ಪತ್ರೆಗೆ ಬಂದು ಶಾಂತಕುಮಾರಿಯವರ ಮಂಚದ ಮುಂದೆ ಕೈ ಮುಗಿದು ನಿಂತಾಗ ನಾನು ಅಲ್ಲೇ ಗಂಜಿ ಡಬ್ಬಿ ಹಿಡಿದುಕೊಂಡಿದ್ದೆ. ಆ ಮುದುಕಿ ನನ್ನ ಕಡೆ ತಿರುಗಿ, ನಿನ್ನಂಥ ಮಗಳನ್ನು ಹೆತ್ತವಳ ಹೊಟ್ಟೆ ತಣ್ಣಗಿರಲಿ ಎಂದು ಹರಸಿತು. ನಿನ್ನನ್ನೇ ಹರಸಿದ್ದು ಅವ್ವ. ನನಗೆ ನನ್ನ ಮೈಯೇ ನಾರಿದಂತಾಯಿತು.

ನಿನ್ನ ಅಳಿಯನಿಗೆ ಹೇಳಿದೆ. ಅವರು ಎದ್ದು ಹೋಗಿ, ಗಾಡಿಯ ಹಿಂದಿನ ಮೂಲೆಯಲ್ಲಿ ಅಂಟಿದ್ದ ಸ್ಕೂಟಿಯ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿ, ಬಡಿದು ನೇರ ಮಾಡಿ, ಮೇಲೆ ನೀಲಿ ಬಣ್ಣ ಬಳಿದರು. ಐದು ತಿಂಗಳಿಂದ ಎದ್ದು ಕೂರಲಾಗದ ಸೊಂಟ ಅವತ್ತು ಬಗ್ಗಿತು. ಆಮೇಲೆ ಕೈ ತೊಳೆದುಕೊಂಡು ಬಂದು, "ಎಲ್ಲಾ ತಣ್ಣಗಾಗೇತೆ. ಸುಮ್ನೆ ಯಾಕ ಕೆದಕ್ತಿ?" ಎಂದರು. ಕೆಟ್ಟವರಲ್ಲ ಅವರು, ನನ್ನನ್ನು ಉಳಿಸಲು ಹೊರಟಿದ್ದರು. ಆದರೂ ಅವತ್ತಿನಿಂದ ಆ ನೀಲಿ ಮೂಲೆಯ ಕಡೆ ನೋಡದೆಯೇ ಗಾಡಿ ಹತ್ತುತ್ತೇನೆ.

ಮೊನ್ನೆ ಶಾಂತಕುಮಾರಿಯವರು ಆಸ್ಪತ್ರೆಯಿಂದ ತಮ್ಮ ಮನೆಗೆ ಬಂದಿದ್ದಾರೆ. ಕೈಯೊಳಗೆ ಪ್ಲೇಟು ಹಾಕಿದ್ದಾರೆ. ಮುಂಗೈ ಮೊದಲಿನಂತೆ ತಿರುಗುವುದು ಅನುಮಾನ ಎಂದು ಡಾಕ್ಟರು ಹೇಳಿದರಂತೆ. ರೊಟ್ಟಿ ಬಡಿಯುವವರಿಗೆ ಮುಂಗೈ ತಿರುಗದಿದ್ದರೆ ಏನು ಉಳಿಯಿತು ಹೇಳು. ನಿನ್ನೆ ನನ್ನನ್ನು ಒಲೆಯ ಮುಂದೆ ಕೂಡಿಸಿ, ತಾವು ಹೇಳಿಕೊಡುತ್ತ ನನ್ನ ಕೈಯಿಂದ ರೊಟ್ಟಿ ತಟ್ಟಿಸಿದರು. ನನ್ನದು ಹರಿದು ಹರಿದು ಹೋಯಿತು. ಅವರು ನಕ್ಕರು. ಹನ್ನೆರಡು ದಿನದಲ್ಲಿ ಮೊದಲ ಸಲ ನಕ್ಕದ್ದು. ಆ ನಗು ನೋಡಲಾರದೆ ಎದ್ದು ಹಿತ್ತಲಿಗೆ ಹೋಗಿ ಕೈಗಂಟಿದ ಹಿಟ್ಟು ತೊಳೆದೆ.

ಇಷ್ಟು ದಿನ ಈ ರಸ್ತೆಯವರೆಲ್ಲ ಹೊಲಸು, ನಾನೊಬ್ಬಳೇ ಚೊಕ್ಕ ಎಂದು ಮೂಗು ಮುಚ್ಚಿಕೊಂಡು ಓಡಿಸಿದೆ. ಹೆಲ್ಮೆಟ್ಟಿನಲ್ಲಿ ಜೋಳ ತುಂಬಿಕೊಂಡವನು ಒಂದು ಸೇರು ಕಾಳು ಕದ್ದ. ನಾನು ಒಂದು ಕೈ ಮುರಿದು, ಅದನ್ನು ಇನ್ನೊಬ್ಬನ ತಲೆಗೆ ಕಟ್ಟಿ, ಮೇಲೆ ಹೊಗಳಿಕೆಯನ್ನೂ ತೆಗೆದುಕೊಂಡೆ. ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಹೇಳುತ್ತೇನೆ. ಆಮೇಲೆ ಹರಿಹರಕ್ಕೆ ಹೋಗಿ ಶಾಂತಕುಮಾರಿಯವರಿಗೂ ಹೇಳುತ್ತೇನೆ. ಇದನ್ನು ನಿನ್ನ ಅಳಿಯನಿಗೆ ಇನ್ನೂ ತಿಳಿಸಿಲ್ಲ. ಹೇಳಿದರೆ ಗಾಡಿಯ ಕೀಲಿ ಬಚ್ಚಿಡುತ್ತಾರೆ, ನಾನು ಬಸ್ಸಿನಲ್ಲೇ ಹೋಗುತ್ತೇನೆ. ನಿನಗೆ ಊರಲ್ಲಿ ತಲೆ ಎತ್ತಿ ತಿರುಗುವುದು ಕಷ್ಟವಾದೀತು, ಅದಕ್ಕೆ ನನ್ನನ್ನು ಬೈದುಕೋ.

ಮಾತ್ರೆ ತಪ್ಪಿಸಬೇಡ. ಶಿವುಗೆ ಇದನ್ನು ನೀನೇ ಹೇಳು, ನನಗಾಗುವುದಿಲ್ಲ.

ಬೈಸಿಕೊಳ್ಳಲು ಕಾದಿರುವ ನಿನ್ನ ಮಗಳು,
ಸುಧಾ

ತಾ.ಕ.: ಬುಧವಾರ ಸಂಜೆ. ಕವರು ಅಂಟಿಸಿದ್ದೆ, ಮತ್ತೆ ಹರಿದು ತೆರೆದೆ. ಠಾಣೆಯಲ್ಲಿ ಹೇಳಿದೆ. ಬಲಕ್ಕೆ ಯಾಕೆ ಎಳೆದೆ ಎಂದು ಕೇಳಿದರು. ಕಾಳು ತುಳಿಯಬಾರದಲ್ಲ ಅದಕ್ಕೆ ಎಂದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ಆಮೇಲೆ ಅಜಾಗರೂಕತೆ ಎಂದು ಬರೆದುಕೊಂಡರು. ಲೈಸೆನ್ಸ್ ಕೊಟ್ಟು ಬಂದಿದ್ದೇನೆ. ತಾರಿಕ್‌ನ ಲಾರಿಯನ್ನು ಎರಡು ದಿನದಲ್ಲಿ ಬಿಡುತ್ತಾರಂತೆ.

ಶಾಂತಕುಮಾರಿಯವರ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದರು: "ನಿನ್ ಗಾಡಿ ನಂಗೆ ತಾಗದೇ ಇದ್ದಿದ್ರೆ, ಅವತ್ತು ನಿಲ್ಲಿಸ್ತಿದ್ದೇನು?"

ನಿಲ್ಲಿಸುತ್ತಿದ್ದೆ ಅಕ್ಕಾ ಎಂದೆ. ಅದು ಸುಳ್ಳು. ಆ ಗುರುವಾರಕ್ಕೆ ಮೂರು ದಿನ ಮೊದಲು, ಸೋಮವಾರ, ಅಂಡರ್‌ಪಾಸಿನ ಹತ್ತಿರ ಒಬ್ಬ ಬೈಕಿನವನು ಬಿದ್ದಿದ್ದ. ಒಂದು ಕಾಲು ಅಲ್ಲಾಡುತ್ತಿತ್ತು. ಅಂಗಡಿಯವರು ಮಂಡಕ್ಕಿಗೆ ಎರಡು ಸಲ ಫೋನ್ ಮಾಡಿದ್ದರು. ನಾನು ಹಾರನ್ ಹೊಡೆದು, ಅವನನ್ನು ಸುತ್ತಿಕೊಂಡು ಹೋದೆ. ಮೇಲಿನ ಇಷ್ಟೂ ಪುಟಗಳಲ್ಲಿ ಇದನ್ನು ನಿನಗೂ ಬರೆದಿರಲಿಲ್ಲ. ಅವನು ಯಾರು, ಬದುಕಿದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.